ಬಿಚ್ಚುವುದೋ, ಎತ್ತುವುದೋ

“ಬಿಚ್ಚೋದಾ, ಎತ್ತೋದಾ? ಎರಡರಲ್ಲಿ ಒಂದು ಹೇಳಿಬಿಡಿ ಮೇಷ್ಟ್ರೇ. ನಿಮ್ಮ ಅಜ್ಜಿ ಅಡ್ಡ ಮಲಗಿರೋದ್ರಿಂದ ಒಳಗಿರೋ ಗಾಡಿ ಹೊರಗೆ ಬರೋ ಹಾಗಿಲ್ಲ, ಹೊರಗಿರೋದು ಒಳಗೆ ಬರೋ ಹಾಗಿಲ್ಲ.”

ಮೆಕ್ಯಾನಿಕ್ ಇದನ್ನು ಆ ಬೆಳಗ್ಗೆ ಕೇಳಿದ್ದು ಮೂರನೆಯ ಸಲ. ಮೇಷ್ಟ್ರು ತೆರೆದ ಬಾನೆಟ್ಟಿನೊಳಗೆ ಇಣುಕಿ ನೋಡುತ್ತಲೇ ಇದ್ದರು. ನೋಡುವುದಕ್ಕೆ ಅಲ್ಲಿ ಹೊಸದೇನೂ ಇರಲಿಲ್ಲ. ಆದರೆ ಮೆಕ್ಯಾನಿಕ್‌ನ ಮುಖ ನೋಡುವುದಕ್ಕಿಂತ ಸತ್ತ ಎಂಜಿನ್ನಿನ ಮುಖ ನೋಡುವುದು ಸಲೀಸಾಗಿತ್ತು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಹದಿನಾರು ವರ್ಷಗಳಿಂದ ಕಂಡವರ ಪಕ್ಕದಲ್ಲಿ ಕೂತು, ‘ಕ್ಲಚ್, ಕ್ಲಚ್, ಕ್ಲಚ್ಚು ಅಂದೆನಲ್ಲ!’ ಎಂದು ಗಂಟಲು ಹರಿದುಕೊಂಡು ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಬಿಳಿಯ ತುಂಬುತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಡ್ರೈವಿಂಗ್ ಸ್ಕೂಲಿಗೆ ಇದ್ದದ್ದು ಒಂದೇ ಕಾರು, ಪಕ್ಕದ ಸೀಟಿನ ಕಾಲಬಳಿಯೂ ಒಂದು ಬ್ರೇಕು ಒಂದು ಕ್ಲಚ್ಚು ಇದ್ದ ಹಳೆಯ ಬಿಳಿ ಕಾರು. ಕಲಿಯುವವರೆಲ್ಲ ಅದನ್ನು ಅಜ್ಜಿ ಅನ್ನುತ್ತಿದ್ದರು. ಎಷ್ಟು ಒದ್ದರೂ ಎಷ್ಟು ಎಳೆದಾಡಿದರೂ ಒಂದು ಸಲ ಕೆಮ್ಮಿ, ಆಮೇಲೆ ಹೇಳಿದ ಮಾತು ಕೇಳುತ್ತಿತ್ತು. ನಾಲ್ಕು ದಿನದ ಹಿಂದೆ ಮಾತ್ರ ಆಸ್ಪತ್ರೆ ರಸ್ತೆಯ ಏರಿನಲ್ಲಿ ನಿಂತದ್ದು ನಿಂತೇಬಿಟ್ಟಿತು.

“ನೋಡಿ, ಇನ್ನೊಂದು ಸಲ ಹೇಳ್ತೀನಿ,” ಮೆಕ್ಯಾನಿಕ್ ಬೆರಳು ಮಡಚಿದ. “ಬಿಚ್ಚಿದ್ರೆ ಇದೇ ಎಂಜಿನ್ನು. ಕ್ರ್ಯಾಂಕ್ ಶಾಫ್ಟ್ ಲೇತಿಗೆ ಕೊಟ್ಟು ಸವರಿಸಬೇಕು, ಬೇರಿಂಗ್ ಹಾಕಬೇಕು, ಹತ್ತು ಹನ್ನೆರಡು ದಿನ. ಎತ್ತಿದ್ರೆ, ಇದನ್ನ ಇಡಿಯಾಗಿ ಆಚೆ ಹಾಕಿ ಬೇರೆ ಎಂಜಿನ್ನು ಕೂರಿಸೋದು. ಹಿಂದಿನಿಂದ ಗುದ್ದಿಸಿಕೊಂಡ ಗಾಡೀದು ಒಂದಿದೆ, ಎಂಜಿನ್ ಚಿನ್ನ. ಎರಡು ದಿನ ಸಾಕು. ಖರ್ಚು ಹೆಚ್ಚುಕಮ್ಮಿ ಎರಡಕ್ಕೂ ಒಂದೇ. ಸಾಯಂಕಾಲದೊಳಗೆ ಹೇಳಲಿಲ್ಲ ಅಂದ್ರೆ ಆ ಎಂಜಿನ್ನು ಬೇರೆಯವರು ಒಯ್ತಾರೆ.”

“ಎತ್ತಿಬಿಡಿ,” ಅಂದರು ಮೇಷ್ಟ್ರು. ತಮ್ಮ ದನಿ ಅಷ್ಟು ಬೇಗ ಬಂದದ್ದು ಅವರಿಗೇ ಇರುಸುಮುರುಸಾಯಿತು. “ಅಂದ್ರೆ… ಹಳೇ ಎಂಜಿನ್ನು. ಬಿಚ್ಚಿ ತಾನೆ ಏನು ನೋಡೋದಿದೆ?”

ಮೆಕ್ಯಾನಿಕ್ ಭುಜದ ಮೇಲಿದ್ದ ಬಟ್ಟೆ ತೆಗೆದು, ಎಂಜಿನ್ನಿನ ಪಕ್ಕಕ್ಕೆ ಕೈ ಹಾಕಿ, ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಮೆಲ್ಲಗೆ ಎಳೆದ. ಅದನ್ನು ಬೆಳಕಿಗೆ ಹಿಡಿದ. ಕಡ್ಡಿಯ ತುದಿಯಲ್ಲಿ ಎಣ್ಣೆಯ ಒಂದು ತೊಟ್ಟೂ ಇರಲಿಲ್ಲ. ಸುಟ್ಟು ಕರಿಹತ್ತಿದ ಒಣ ಪೊರೆಯಷ್ಟೇ ಇತ್ತು.

“ನೋಡೋದು ಬಹಳ ಇರುತ್ತೆ ಮೇಷ್ಟ್ರೇ,” ಅಂದ. “ಆದರೆ ನಾನು ಗಾಡಿ ರಿಪೇರಿ ಮಾಡೋನು. ಮನೆ ರಿಪೇರಿ ಮಾಡೋನಲ್ಲ. ನಿಮ್ಮ ಅಕ್ಕಾವ್ರು ಒಂದು ಮಾತು ‘ಎತ್ತು’ ಅನ್ನಲಿ, ಚೈನು ಹಾಕಿ ಎತ್ತಿ ಗುಜರಿಗೆ ಕಳಿಸ್ತೀನಿ. ಅಲ್ಲಿ ಯಾರೂ ಏನೂ ಕೇಳಲ್ಲ.”

ಕಡ್ಡಿಯನ್ನು ಇದ್ದ ಜಾಗಕ್ಕೆ ಸಿಕ್ಕಿಸಿ, ಬೇರೆ ಗಾಡಿಯ ಕಡೆ ನಡೆದ.

ಅಜ್ಜಿ ಒಂದು ವರ್ಷದಿಂದ ಎಣ್ಣೆ ಕುಡಿಯುತ್ತಿತ್ತು. ಹಳೆಯ ಎಂಜಿನ್ನುಗಳಿಗೆ ಇದು ಇದ್ದದ್ದೇ. ದಿನಾ ಬೆಳಗ್ಗೆ ಕಡ್ಡಿ ಎಳೆದು ನೋಡಿ, ಕಡಿಮೆಯಾದಷ್ಟು ಹೊಯ್ದರೆ ಇನ್ನೂ ಐದು ವರ್ಷ ಓಡುತ್ತಿತ್ತು. ಅದಕ್ಕೆಂದೇ ಸ್ಕೂಲು ನಡೆಸುವ ಮೇಷ್ಟ್ರ ಅಕ್ಕ ಒಂದು ನೋಟ್‌ಬುಕ್ ಇಟ್ಟಿದ್ದಳು. ದಿನಕ್ಕೊಂದು ಸಾಲು: ಎಣ್ಣೆ, ನೀರು, ಗಾಳಿ, ಮುಂದೆ ರೈಟ್ ಗುರುತು. ಅಕ್ಕನಿಗೆ ಮೊಣಕಾಲು ಕೈಕೊಡುವವರೆಗೆ ಸ್ಕೂಲಿನಲ್ಲಿ ಕಲಿಸುತ್ತಿದ್ದವಳು ಅವಳೇ. ತಮ್ಮನಿಗೆ ಕಲಿಸಿದವಳೂ ಅವಳೇ. ತನ್ನ ಕಾಲದಲ್ಲಿ ಅವಳು ಬಾನೆಟ್ ಎತ್ತದೆ ಕಾಫಿ ಕೂಡ ಕುಡಿದವಳಲ್ಲ.

ಮೇಷ್ಟ್ರಿಗೆ ಬಾನೆಟ್ಟು ಶತ್ರುವಾದದ್ದು ಅದರ ಕೊಕ್ಕೆ ತುಕ್ಕು ಹಿಡಿದ ಮೇಲೆ. ಎರಡು ಕೈಯಲ್ಲಿ ಎತ್ತಿ, ಮೊಣಕಾಲಲ್ಲಿ ಒತ್ತಬೇಕಾಗಿತ್ತು. ಹಾಗೆ ಎತ್ತಿದ ದಿನವೆಲ್ಲ ಬಿಳಿ ಅಂಗಿಯ ಹೊಟ್ಟೆಯ ಮೇಲೆ ಒಂದು ಕಪ್ಪು ಪಟ್ಟೆ. ಮೊದಲು ದಿನ ಬಿಟ್ಟು ದಿನ ನೋಡಿದರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ, ತಿಂಗಳ ಮೊದಲ ತಾರೀಖು ಕೂತು, ಒಂದೇ ಪೆನ್ನಿನಲ್ಲಿ, ಮೂವತ್ತು ದಿನದ ರೈಟ್ ಗುರುತುಗಳನ್ನು ಒಟ್ಟಿಗೆ ಹಾಕಿಬಿಡುವ ಸುಲಭೋಪಾಯ ಕಂಡುಕೊಂಡರು. ಸಂಶಯ ಬಾರದಿರಲೆಂದು ನಡುನಡುವೆ ಇನ್ನೊಂದು ಪೆನ್ನು ಬಳಸುತ್ತಿದ್ದರು. ಜೇಬಿನಲ್ಲಿ ಎರಡು ಪೆನ್ನು ಇದ್ದದ್ದು ಹೀಗೂ ಉಪಯೋಗಕ್ಕೆ ಬಂತು.

ಎಣ್ಣೆ ತೀರಾ ಕಡಿಮೆಯಾದರೆ ಹೇಳಲು ಕಾರಿನಲ್ಲಿ ಒಂದು ಕೆಂಪು ದೀಪವೂ ಇತ್ತು, ಸ್ಟೀರಿಂಗಿನ ಹಿಂದೆ, ಗುಂಡಿಯಷ್ಟು ಗಾತ್ರದ್ದು. ಅದರದು ಬೇರೆ ಕಥೆ. ಯಾವುದೋ ವೈರು ಸಡಿಲವಾಗಿ, ಎಣ್ಣೆ ಇದ್ದಾಗಲೂ ಪ್ರತಿ ತಿರುವಿನಲ್ಲೂ ಅದು ಮಿಣಕ್ ಅನ್ನುತ್ತಿತ್ತು. ಕಲಿಯುವವರಿಗೆ ಮೊದಲೇ ಪ್ರಾಣಭಯ. ಕೆಂಪು ದೀಪ ಕಂಡರೆ ‘ಅಯ್ಯೋ’ ಎಂದು ಕಿರುಚಿ ಬ್ರೇಕ್ ಒತ್ತುತ್ತಿದ್ದರು. ಒಬ್ಬ ಕಾಲೇಜು ಹುಡುಗಿ ನಡುರಸ್ತೆಯಲ್ಲೇ ಹಾಗೆ ಒತ್ತಿ, ಹಿಂದಿದ್ದ ಬಸ್ಸಿನ ಡ್ರೈವರು ಇಳಿದು ಬಂದು ಮೇಷ್ಟ್ರ ಮೂರು ತಲೆಮಾರನ್ನು ವಿಚಾರಿಸಿಕೊಂಡು ಹೋಗಿದ್ದ. ವೈರು ಸರಿ ಮಾಡಿಸಲು ಅರ್ಧ ದಿನದ ಕ್ಲಾಸು ಬಿಡಬೇಕು. ಮೇಷ್ಟ್ರು ಅವತ್ತು ಮಧ್ಯಾಹ್ನ ಸೇಬು ತಿನ್ನುತ್ತಿದ್ದರು. ಸೇಬಿನ ಮೇಲೆ ಅಂಟಿಸಿರುವ ಸ್ಟಿಕ್ಕರು ಆ ದೀಪಕ್ಕೆ ಅಳತೆ ಮಾಡಿಸಿದ ಹಾಗೆ ಕೂತಿತು.

“ಅದೇನು ಸಾರ್ ಅಲ್ಲಿ ಸೇಬು?” ಎಂದು ಮೊದಲ ದಿನವೇ ಕೇಳಿದ್ದವರು ಟೈಲರಮ್ಮ ಒಬ್ಬರೇ.

“ಅದು ನಿಮಗೆ ಬೇಡದ ವಿಷಯ. ರಸ್ತೆ ನೋಡಿ,” ಅಂದಿದ್ದರು ಮೇಷ್ಟ್ರು.

ಟೈಲರಮ್ಮನಿಗೆ ವಯಸ್ಸು ನಲವತ್ತೈದರ ಮೇಲೆ. ಆಸ್ಪತ್ರೆಯವರ ಸಮವಸ್ತ್ರ, ಪರದೆ, ಹೊದಿಕೆಗಳನ್ನು ಹೊಲಿದುಕೊಡುವ ಸಣ್ಣ ಕಾರ್ಖಾನೆ, ಸರಕು ಸಾಗಿಸಲು ಒಂದು ವ್ಯಾನು. ವ್ಯಾನು ಓಡಿಸುತ್ತಿದ್ದ ಯಜಮಾನರ ಕಣ್ಣು ಸುತ್ತಲಿಂದ ಕತ್ತಲು ಕಟ್ಟಿಕೊಂಡು ಬರುತ್ತಿತ್ತು. ಕೊಳವೆಯಲ್ಲಿ ನೋಡಿದ ಹಾಗೆ ಎದುರಿನದಷ್ಟೇ ಕಾಣುತ್ತದೆ, ಇನ್ನು ಗಾಡಿ ಮುಟ್ಟಬೇಡಿ ಎಂದಿದ್ದರು ಡಾಕ್ಟರು. ಅದಕ್ಕೇ ಟೈಲರಮ್ಮ ಕಲಿಯಲು ಬಂದದ್ದು. ಬಂದವರು ಚೆನ್ನಾಗಿಯೇ ಕಲಿತರು. ಇಷ್ಟು ವರ್ಷ ಕಾಲಲ್ಲಿ ಮೆಷಿನ್ ತುಳಿದವರಿಗೆ ಕ್ಲಚ್ಚು ಯಾವ ಲೆಕ್ಕ?

ನಾಲ್ಕು ದಿನದ ಹಿಂದೆ ಏರಿನ ಬುಡದಲ್ಲಿ ಅವರು ತಲೆ ವಾರೆ ಮಾಡಿ ಕೇಳಿಸಿಕೊಂಡು ಹೇಳಿದ್ದರು, “ಸಾರ್, ಒಳಗೆ ಏನೋ ಟಕಟಕ ಅಂತಿದೆ. ನನ್ನ ಮೆಷಿನ್ನು ಹಿಂಗೆ ಅಂದ್ರೆ ನಾನು ಮೊದಲು ಎಣ್ಣೆ ಬಿಡ್ತೀನಿ. ನಿಲ್ಲಿಸಲಾ?”

“ಎಂಜಿನ್ ಮಾತು ಆಮೇಲೆ ಕೇಳಿ. ಮೊದಲು ನನ್ನ ಮಾತು ಕೇಳಿ.”

“ಜಾಸ್ತಿ ಆಗ್ತಿದೆ ಸಾರ್. ನಿಲ್ಲಿಸಲಾ?”

“ಏರಲ್ಲಿ ನಿಲ್ಲಿಸಿದ್ರೆ ಹಿಂದಕ್ಕೆ ಹೋಗ್ತೀರಿ. ಒತ್ತಿ, ಒತ್ತಿ!”

ಒತ್ತಿದರು. ಕಬ್ಬಿಣ ಕಬ್ಬಿಣವನ್ನು ಕಚ್ಚಿದ ಸದ್ದು ಬಂತು, ಆಮೇಲೆ ಯಾವ ಸದ್ದೂ ಬರಲಿಲ್ಲ. ಟೈಲರಮ್ಮ ಸ್ಟೀರಿಂಗಿನಿಂದ ಕೈ ತೆಗೆದು ಎದೆಗಿಟ್ಟುಕೊಂಡು, “ಅಯ್ಯೋ, ನಾನೇನು ಮಾಡಿಬಿಟ್ಟೆ?” ಅಂದರು. ಆ ಪ್ರಶ್ನೆಗೆ ‘ಏನೂ ಇಲ್ಲ’ ಎಂಬ ಉತ್ತರ ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹದಿನಾರು ವರ್ಷ ಬೈದು ಅಭ್ಯಾಸವಾದ ನಾಲಿಗೆ. ಅದು ತನ್ನಷ್ಟಕ್ಕೆ ತಾನೇ, “ಏರಿಗೆ ಮೂರನೇ ಗೇರಲ್ಲಿ ಹತ್ತಿಸಿದ್ರೆ ಇನ್ನೇನಾಗುತ್ತೆ?” ಅಂದುಬಿಟ್ಟಿತು.

ಅವರು ಇಳಿದು ರಸ್ತೆಯ ಅಂಚಿಗೆ ಹೋಗಿ, ಯಜಮಾನರಿಗೆ ಫೋನು ಮಾಡುತ್ತಿದ್ದಾಗ ಮೇಷ್ಟ್ರು ಉಗುರಿನಿಂದ ಸೇಬಿನ ಸ್ಟಿಕ್ಕರು ಕಿತ್ತರು. ಒಂದೇ ಸಲಕ್ಕೆ ಬರಲಿಲ್ಲ. ಎರಡು ತುಂಡಾಗಿ ಬಂತು.

ಗ್ಯಾರೇಜಿನಿಂದ ಸ್ಕೂಲಿನ ಆಫೀಸಿಗೆ ಹತ್ತು ನಿಮಿಷದ ನಡಿಗೆ. ಮೇಷ್ಟ್ರು ಇಪ್ಪತ್ತು ನಿಮಿಷ ತೆಗೆದುಕೊಂಡರು. ಅಕ್ಕ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಗೋಡೆಯ ಮೇಲಿನ ರಸ್ತೆ ಚಿಹ್ನೆಗಳ ಪಟಕ್ಕೆ ಬೆನ್ನು ಮಾಡಿ ಕೂತಿದ್ದಳು.

“ಏನಂತಾನೆ?”

“ಎತ್ತಿಬಿಡೋದೇ ವಾಸಿ ಅಂತಾನೆ ಅಕ್ಕ.”

“ಅವನು ಅಂತಾನೋ, ನೀನು ಅಂತೀಯೋ?”

“ಇಬ್ಬರೂ ಅಂತೀವಿ ಅಂತ ಇಟ್ಕೋ.”

“ನಂಗೆ ಬಿಚ್ಚಿಸಬೇಕು ಅಂತಿದೆ ಕಣೋ,” ಅಂದಳು ಅಕ್ಕ. “ಮೂರನೇ ಗೇರಲ್ಲಿ ಏರು ಹತ್ತಿಸಿದ್ರೆ ಎಂಜಿನ್ ಆಫ್ ಆಗುತ್ತೆ. ಸಾಯಲ್ಲ. ನೀನು ಕಲಿಯುವಾಗ ಇಡೀ ತಿಂಗಳು ಮೂರನೇ ಗೇರಲ್ಲೇ ಓಡಿಸಿದ್ದೆ, ಅದು ಸತ್ತಿತ್ತಾ?”

ಅಕ್ಕನ ಪದ್ಧತಿ ಮೇಷ್ಟ್ರಿಗೆ ಗೊತ್ತಿತ್ತು. ಯಾವ ರಿಪೇರಿಯೇ ಆಗಲಿ, ಕುರ್ಚಿ ತರಿಸಿಕೊಂಡು ಗ್ಯಾರೇಜಿನಲ್ಲೇ ಕೂರುತ್ತಾಳೆ. ಬಿಚ್ಚಿದ ಪ್ರತಿ ಭಾಗವನ್ನೂ ಹಳೆಯ ಪೇಪರಿನ ಮೇಲೆ ಸಾಲಾಗಿ ಇಡಿಸುತ್ತಾಳೆ. ಒಂದೊಂದನ್ನೂ ಎತ್ತಿ, ಉಗುರಿನಿಂದ ಗೀರಿ, ಅದು ಯಾಕೆ ಹಾಳಾಯಿತು ಎಂದು ಜಾತಕ ಓದಿದ ಹಾಗೆ ಓದುತ್ತಾಳೆ. ಅಕ್ಕನಿಗೆ ಸುಳ್ಳು ಹೇಳಬಹುದು, ಹೇಳಿಯೂ ಆಗಿತ್ತು. ಬೇರಿಂಗಿನ ಬಾಯಲ್ಲಿ ಸುಳ್ಳು ಹೇಳಿಸುವುದು ಹೇಗೆ?

“ವಯಸ್ಸಾಗಿತ್ತು ಅಕ್ಕ. ಒಂದಲ್ಲ ಒಂದು ದಿನ ಹೋಗೋದೇ.”

“ವಯಸ್ಸಾದೋರೆಲ್ಲ ಸುಮ್‌ಸುಮ್ನೆ ಸಾಯಲ್ಲ. ಎಣ್ಣೆ ಇಲ್ಲ ಅಂದ್ರೆ ಸಾಯ್ತಾರೆ.” ಅಕ್ಕ ಮೇಜಿನ ಮೇಲಿದ್ದ ನೋಟ್‌ಬುಕ್ ಎಳೆದುಕೊಂಡಳು. ಮೇಷ್ಟ್ರು ಜೇಬಿನ ಪೆನ್ನುಗಳ ಮೇಲೆ ಕೈಯಿಟ್ಟುಕೊಂಡರು. ಅವಳು ಹಾಳೆ ತಿರುವಿ ಬೆರಳಾಡಿಸಿದಳು. “ಅದೂ ಅಲ್ಲ. ನೀನು ಒಂದು ದಿನಾನೂ ತಪ್ಪಿಸಿಲ್ಲವಲ್ಲ. ನೋಡು, ಭಾನುವಾರ ಕೂಡ ರೈಟ್ ಹಾಕಿದ್ದೀಯ.”

ಭಾನುವಾರ ಸ್ಕೂಲಿಗೆ ರಜೆ. ಮೇಷ್ಟ್ರು ಕಿಟಕಿಯ ಕಡೆ ನೋಡಿದರು.

“ಹಂಗಾದ್ರೆ ಆ ಟೈಲರಮ್ಮನೇ ಏನೋ ಮಾಡಿರಬೇಕು,” ಎಂದು ಅಕ್ಕ ನೋಟ್‌ಬುಕ್ ಮುಚ್ಚಿದಳು. “ನೀನು ನೋಡ್ಕೊಂಡಿದ್ದೀಯ, ಗಾಡಿ ಸರಿ ಇತ್ತು. ಇನ್ನುಳಿದೋಳು ಅವಳೊಬ್ಬಳೇ.”

ಇಲ್ಲ ಅನ್ನಲು ಇದ್ದ ಜಾಗ ಅದೇ. ಮೇಷ್ಟ್ರು ಆ ಜಾಗವನ್ನು ದಾಟಿ ಮುಂದೆ ಹೋದರು. “ಪರೀಕ್ಷೆಗೆ ಹೋಗೋರು ಒಂಬತ್ತು ಜನ ಕಾಯ್ತಿದ್ದಾರೆ ಅಕ್ಕ. ಬಿಚ್ಚಿದ್ರೆ ಹನ್ನೆರಡು ದಿನ. ಎತ್ತಿದ್ರೆ ಎರಡೇ.”

ಆ ಮಾತಿಗೆ ಅಕ್ಕ ಸೋತಳು. ಕಲಿಯುವವರ ತಾರೀಖು ತಪ್ಪುವುದು ಅವಳಿಗೆ ಆಗದ ವಿಷಯ ಎಂದು ತಮ್ಮನಿಗೆ ಗೊತ್ತಿತ್ತು. ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. ಫೋನು ತೆಗೆದು ಮೆಕ್ಯಾನಿಕ್‌ಗೆ, “ಎತ್ತಪ್ಪಾ ಹಂಗಾದ್ರೆ,” ಅಂದಳು. ಫೋನು ಇಟ್ಟ ಮೇಲೆ ಮೊಣಕಾಲು ನೀವಿಕೊಂಡಳು. “ಒಳ್ಳೇ ಎಂಜಿನ್ನು ಕಣೋ. ಯಾವ ಮೂಲೆಯಲ್ಲಿ ನೋವು ಅಂತಾನೂ ನೋಡದೆ ಸಾಗಹಾಕ್ತಿದ್ದೀವಿ.”

ಗೆದ್ದೆ ಅಂದುಕೊಳ್ಳಲು ಮೇಷ್ಟ್ರಿಗೆ ಐದು ನಿಮಿಷವೂ ಸಿಗಲಿಲ್ಲ. ಹೊರಗೆ ವ್ಯಾನು ನಿಂತ ಸದ್ದಾಯಿತು. ಟೈಲರಮ್ಮ ಒಂದು ದೊಡ್ಡ ಬಟ್ಟೆಯ ಗಂಟನ್ನು ಅಪ್ಪಿಕೊಂಡು ಒಳಗೆ ಬಂದರು. ನಾಲ್ಕೇ ದಿನದಲ್ಲಿ ಕಣ್ಣ ಕೆಳಗೆ ಕಪ್ಪಾಗಿತ್ತು.

“ಮೇಡಂ, ತಪ್ಪು ತಿಳೀಬಾರದು,” ಎಂದು ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಬೂದು ಬಣ್ಣದ ಗಟ್ಟಿ ಬಟ್ಟೆಯ ಸೀಟ್ ಕವರುಗಳು. ಅಂಚಿಗೆ ಎರಡೆರಡು ಹೊಲಿಗೆ, ತಲೆ ಆನಿಸುವಲ್ಲಿ ಒಳಗೆ ಹತ್ತಿ. “ನಾನು ಮಾಡಿರೋ ನಷ್ಟಕ್ಕೆ ಇದು ಯಾವ ಮೂಲೆಗೂ ಸಾಲಲ್ಲ. ಆದರೂ ಬರಿಗೈಲಿ ಬರೋಕೆ ಮನಸ್ಸಾಗಲಿಲ್ಲ. ಅಳತೆ ಕಣ್ಣಲ್ಲೇ ತೆಗೆದಿದ್ದೆ, ಕ್ಲಾಸಿಗೆ ಬಂದಾಗ.”

ಅಕ್ಕ ಬಟ್ಟೆ ಮುಟ್ಟಿ ನೋಡಿದಳು. ಹೊಲಿಗೆಯ ಬೆಲೆ ತಿಳಿದವಳು. ಆದರೆ ದನಿಯಲ್ಲಿ ಅಕ್ಕರೆ ಇರಲಿಲ್ಲ. “ಇರಲಿ ಬಿಡಿ. ಕಲಿಯೋರು ಅಂದ ಮೇಲೆ ತಪ್ಪಾಗುತ್ತೆ. ಗಾಡಿ ಬರಲಿ, ಮತ್ತೆ ಬನ್ನಿ.”

“ಇಲ್ಲ ಮೇಡಂ. ಇನ್ನು ಬರಲ್ಲ.” ಟೈಲರಮ್ಮ ತಲೆ ಅಲ್ಲಾಡಿಸಿದರು. “ಸಾರ್ ಅಷ್ಟು ಕಷ್ಟಪಟ್ಟು ಹೇಳಿಕೊಟ್ರು. ನನ್ನ ತಲೆಗೇ ಹತ್ತಲಿಲ್ಲ. ಈ ವಯಸ್ಸಲ್ಲಿ ಯಾಕೆ ಬೇಕಿತ್ತು ನಂಗೆ? ನಿಂತಿರೋ ಗಾಡಿ ಕಂಡ್ರೂ ಈಗ ಕೈ ನಡುಗುತ್ತೆ.”

“ಮತ್ತೆ ವ್ಯಾನು?” ಮೇಷ್ಟ್ರು ಕೇಳಿದರು.

“ಅವರೇ ಓಡಿಸ್ತಾರೆ ಸಾರ್. ಎದುರಿಗಿರೋದು ಕಾಣುತ್ತಲ್ಲ. ಅಕ್ಕಪಕ್ಕದ್ದು ನಾನು ಕೂತು ಹೇಳ್ತೀನಿ.” ಟೈಲರಮ್ಮ ನಗಲು ನೋಡಿದರು. “ನೀವು ಹೇಳ್ತಿದ್ರಲ್ಲ, ಹಂಗೇ. ಆದರೆ ನಂಗೆ ಬೈಯೋಕೆ ಬರಲ್ಲ.”

ಅವರು ಹೊರಟರು. ಮೇಷ್ಟ್ರು ಕಿಟಕಿಯ ಬಳಿ ನಿಂತರು. ಸ್ಟೀರಿಂಗಿನ ಹಿಂದೆ ದಪ್ಪ ಕನ್ನಡಕದ ಯಜಮಾನರು ಕುತ್ತಿಗೆ ಮುಂದೆ ಚಾಚಿ ಕೂತಿದ್ದರು. ಟೈಲರಮ್ಮ ಪಕ್ಕದಲ್ಲಿ ಹತ್ತಿ, ಕಿಟಕಿಯ ಹೊರಗೆ ಅರ್ಧ ಮೈ ಹಾಕಿ ಹಿಂದೆ ಮುಂದೆ ನೋಡಿದರು. “ಈಗ ಬಿಡಿ ರೀ… ಮೆಲ್ಲಗೆ… ಸೈಕಲ್ ಬರ್ತಿದೆ, ನಿಲ್ಲಿ… ನಿಲ್ಲಿ ಅಂದ್ನಲ್ಲ ರೀ! ಹೋಯ್ತು, ಈಗ ಬಿಡಿ… ಮಗು, ಮಗು, ಮಗು!”

ಬ್ರೇಕು ಕಿರ್ರೆಂದಿತು. ರಬ್ಬರಿನ ಚೆಂಡು ಹಿಡಿದ ಮಗುವೊಂದು ವ್ಯಾನಿನ ಮುಂಬದಿಗೆ ಒಂದು ಗೇಣು ದೂರದಲ್ಲಿ ನಿಂತು ವ್ಯಾನನ್ನೇ ನೋಡಿತು. ಅದರ ಅಮ್ಮ ಓಡಿ ಬಂದು ಬೆನ್ನಿಗೊಂದು ಹಾಕಿ ಎಳೆದುಕೊಂಡು ಹೋದಳು. ಪಾಪ, ತಪ್ಪು ಅದರದೇ ಅಂದುಕೊಂಡಿರಬೇಕು. ವ್ಯಾನು ಮತ್ತೆ ಹೊರಟಿತು, ಟೈಲರಮ್ಮನ ದನಿಯ ಹಿಂದೆ ಹಿಂದೆ.

“ಎಲ್ಲಿಗೋ?” ಎಂದು ಅಕ್ಕ ಕೇಳುವಷ್ಟರಲ್ಲಿ ಮೇಷ್ಟ್ರು ಮೆಟ್ಟಿಲು ಇಳಿದಾಗಿತ್ತು.

ಗ್ಯಾರೇಜಿನಲ್ಲಿ ಎಂಜಿನ್ನು ಚೈನಿನಲ್ಲಿ ನೇತಾಡುತ್ತಿತ್ತು. ಬಿಚ್ಚಲಿ ಎತ್ತಲಿ, ಹೇಗೂ ಅದು ಹೊರಗೆ ಬರಲೇಬೇಕೆಂದು ಮೆಕ್ಯಾನಿಕ್ ಹಿಂದಿನ ದಿನವೇ ಅದರ ಬೋಲ್ಟುಗಳನ್ನು ಸಡಿಲಿಸಿಟ್ಟಿದ್ದ. ಕಾರಿನ ಹೊಟ್ಟೆಯಿಂದ ಪೂರ್ತಿ ಹೊರಬಂದು, ನೆಲಕ್ಕೆ ಎರಡಡಿ ಮೇಲೆ, ತನ್ನದೇ ತೂಕಕ್ಕೆ ಮೆಲ್ಲಗೆ ತಿರುಗುತ್ತಿತ್ತು. ಗುಜರಿಯ ಟೆಂಪೋ ಬಾಗಿಲಲ್ಲೇ ನಿಂತಿತ್ತು.

“ಇಳಿಸಿ,” ಮೇಷ್ಟ್ರು ಏದುಸಿರು ಬಿಟ್ಟರು. “ಬಿಚ್ಚಬೇಕು.”

ಮೆಕ್ಯಾನಿಕ್ ಚೈನು ಹಿಡಿದೇ ತಿರುಗಿದ. “ಅಕ್ಕಾವ್ರು ಈಗತಾನೆ ಎತ್ತು ಅಂದ್ರಲ್ಲ?”

“ಅಕ್ಕನ್ನೂ ಕರೀತೀನಿ. ಟೈಲರಮ್ಮನ್ನೂ ಕರೀತೀನಿ. ಅವರ ಎದುರಿಗೇ ಬಿಚ್ಚಿ.”

“ಯೋಚನೆ ಮಾಡಿ ಮೇಷ್ಟ್ರೇ. ಒಂದು ಸಲ ಬಿಚ್ಚಿದ ಮೇಲೆ ಹಿಂಗಿರಲಿಲ್ಲ, ಹಂಗಿತ್ತು ಅನ್ನೋಕೆ ಆಗಲ್ಲ.”

“ಗೊತ್ತು.”

“ಗೊತ್ತಿದ್ರೆ ಸರಿ,” ಎಂದು ಮೆಕ್ಯಾನಿಕ್ ಟೆಂಪೋದವನಿಗೆ ಹೋಗೆಂದು ಕೈಬೀಸಿ, ಎಂಜಿನ್ನನ್ನು ಬೆಂಚಿನ ಮೇಲೆ ಇಳಿಸಿದ.

ಮೇಷ್ಟ್ರ ಮನಸ್ಸಿನಲ್ಲಿ ಇದ್ದದ್ದು ಪೂರ್ತಿ ಧೈರ್ಯವೇನಲ್ಲ. ಬೇರಿಂಗುಗಳು ಹೇಳಬೇಕಾದ್ದನ್ನು ಹೇಳುತ್ತವೆ, ಅಕ್ಕ ಓದಿಕೊಳ್ಳುತ್ತಾಳೆ, ತಾನು ತಲೆ ತಗ್ಗಿಸಿ ನಿಂತರೆ ಸಾಕು ಎಂಬ ಲೆಕ್ಕಾಚಾರ ಅದು. ತಪ್ಪೊಪ್ಪಿಗೆಯನ್ನೂ ಕಬ್ಬಿಣದ ಕೈಯಲ್ಲೇ ಮಾಡಿಸುವ ಯೋಚನೆ.

ಮಧ್ಯಾಹ್ನ ಎರಡೂವರೆಗೆ ಎಲ್ಲರೂ ಬಂದರು. ಅಕ್ಕ ಆಟೋದಲ್ಲಿ ಬಂದು, ಕುರ್ಚಿ ಹಾಕಿಸಿಕೊಂಡು ಕೂತಳು. ಟೈಲರಮ್ಮ, ಯಜಮಾನರು ವ್ಯಾನಿನಲ್ಲಿ ಬಂದು, ಕೋರ್ಟಿಗೆ ಕರೆಸಿಕೊಂಡವರ ಹಾಗೆ ಬಾಗಿಲ ಪಕ್ಕ ನಿಂತರು. ಯಾಕೆ ಕರೆದಿರಿ ಎಂದು ಟೈಲರಮ್ಮ ಕೇಳಲಿಲ್ಲ. ನಷ್ಟ ಎಷ್ಟು ಎಂದು ತೋರಿಸಲು ಕರೆದಿದ್ದಾರೆ ಅಂದುಕೊಂಡಿದ್ದರು. ಮೆಕ್ಯಾನಿಕ್ ಎಂಜಿನ್ನನ್ನು ಮಗುಚಿ, ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯ ಬೋಲ್ಟುಗಳನ್ನು ಬಿಚ್ಚಿ, ಅದನ್ನು ಪೇಪರಿನ ಮೇಲಿಟ್ಟ. ಎಣ್ಣೆ ಇರಬೇಕಾದಲ್ಲಿ ಮಸಿಯಂಥ ಒಂದಿಷ್ಟು ಗಸಿ. ಆಮೇಲೆ ಬೇರಿಂಗುಗಳನ್ನು ಒಂದೊಂದಾಗಿ ತೆಗೆದಿಟ್ಟ. ಬೆಳ್ಳಗೆ ಮಿರುಗಬೇಕಾದ ಅರ್ಧಚಂದ್ರದ ತಗಡುಗಳು ತಾಮ್ರದ ಬಣ್ಣಕ್ಕೆ ತಿರುಗಿ, ಸೀಳಿ, ಒಂದಂತೂ ಕರಗಿ ಅಂಟಿಕೊಂಡಿತ್ತು.

ಅಕ್ಕ ಅದನ್ನು ಎತ್ತಿಕೊಂಡು ಉಗುರು ಆಡಿಸಿದಳು. ಇನ್ನೊಂದನ್ನು ಎತ್ತಿದಳು. ಮತ್ತೆ ಮೊದಲಿನದನ್ನೇ ನೋಡಿದಳು.

“ಇದು ಗೇರಿಂದ ಆಗಿದ್ದಲ್ಲ,” ಅಂದಳು ನಿಧಾನವಾಗಿ. “ಎಣ್ಣೆ ಇಲ್ಲದೆ ಸುಟ್ಟಿರೋದು.”

ಮೇಷ್ಟ್ರು ತಲೆ ತಗ್ಗಿಸಿದರು. ಬೇರಿಂಗು ಹೇಳಿಯಾಯಿತು, ಇನ್ನು ಬೈಗುಳ ಬರಬೇಕು.

ಬರಲಿಲ್ಲ. “ಎಲ್ಲೋ ಸೋರಿರಬೇಕು ಅಲ್ವೇನಪ್ಪಾ?” ಎಂದು ಅಕ್ಕ ಮೆಕ್ಯಾನಿಕ್‌ನನ್ನು ಕೇಳಿದಳು. “ಬೆಳಗ್ಗೆ ಇವನು ನೋಡಿದಾಗ ಇದ್ದಿರುತ್ತೆ. ಆಮೇಲೆ ದಾರೀಲಿ ಒಟ್ಟಿಗೆ ಸೋರಿಹೋಗಿರುತ್ತೆ.”

ಮೆಕ್ಯಾನಿಕ್ ತೊಟ್ಟಿಯನ್ನು ತಿರುಗಿಸಿ ನೋಡುವವನ ಹಾಗೆ ಬಗ್ಗಿದ.

“ಹೌದು ಮೇಡಂ, ಹಂಗೇ ಆಗಿದೆ!” ಟೈಲರಮ್ಮ ಎರಡು ಹೆಜ್ಜೆ ಮುಂದೆ ಬಂದರು. “ಅವತ್ತು ಮಾರ್ಕೆಟ್ಟಿನ ಮೂಲೆಯಲ್ಲಿ ಒಂದು ಕಲ್ಲು ಹತ್ತಿಸಿದ್ದೆ. ಕೆಳಗೆ ದಡ್ ಅಂತ ಹೊಡೀತು. ಸಾರ್ ಕೂಡ ಬೈದ್ರು. ಅದಕ್ಕೇ ಒಡೆದು ಸೋರಿದೆ. ಅಲ್ವಾ ಸಾರ್?”

ಅವರ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಾಣಿಸಿತು. ನಾಲ್ಕು ದಿನದಿಂದ ಹುಡುಕುತ್ತಿದ್ದ ತಮ್ಮ ತಪ್ಪು ಕೊನೆಗೂ ಸಿಕ್ಕಿದ ಸಮಾಧಾನ. ಅಕ್ಕ ಹೌದೇ ಎಂಬಂತೆ ತಮ್ಮನ ಕಡೆ ನೋಡಿದಳು. ಯಜಮಾನರೂ ದನಿ ಬಂದ ದಿಕ್ಕಿಗೆ ಇಡೀ ತಲೆ ತಿರುಗಿಸಿ ನೋಡಿದರು. ‘ಹೂಂ’ ಅಂದರೆ ಸಾಕಾಗಿತ್ತು. ಅದನ್ನೂ ಅನ್ನಬೇಕಿರಲಿಲ್ಲ, ಸುಮ್ಮನಿದ್ದರೂ ನಡೆಯುತ್ತಿತ್ತು.

“ಕಲ್ಲು ಹತ್ತಿಸಿದ್ದು ಹೋದ ತಿಂಗಳು,” ಅಂದರು ಮೇಷ್ಟ್ರು. “ಸೋರಿಲ್ಲ. ಎಣ್ಣೆ ಹಾಕಿರಲಿಲ್ಲ. ನಾನು ಬಾನೆಟ್ ಎತ್ತಿ ಎರಡು ತಿಂಗಳಾಯ್ತು.”

“ರೈಟ್ ಹಾಕಿದ್ದೀಯಲ್ಲೋ,” ಅಂದಳು ಅಕ್ಕ.

“ಒಂದೇ ದಿನ ಕೂತು ಹಾಕಿದ್ದು. ಎಲ್ಲ.”

ಅಕ್ಕ ಬೇರಿಂಗನ್ನು ಮಡಿಲಲ್ಲಿಟ್ಟುಕೊಂಡಳು.

“ದೀಪ ಉರಿದಿರಬೇಕು. ಅದಕ್ಕೆ ಸ್ಟಿಕ್ಕರು ಹಚ್ಚಿದ್ದೆ. ಅದೇ, ನೀವು ಕೇಳಿದ್ರಲ್ಲ ಟೈಲರಮ್ಮಾ, ಸೇಬು ಅಂತ. ನೀವು ಆ ಕಡೆ ಫೋನು ಮಾಡ್ತಿದ್ದಾಗ ಕಿತ್ತುಬಿಟ್ಟೆ.” ಒಮ್ಮೆ ಶುರುವಾದ ಮೇಲೆ ನಿಲ್ಲಿಸುವ ಪೆಡಲು ಅವರಿಗೆ ಸಿಗಲಿಲ್ಲ. “ಇವರು ಸದ್ದು ಕೇಳಿ ಎಣ್ಣೆ ಅಂದ್ರು ಅಕ್ಕ. ಸರಿಯಾಗೇ ಹೇಳಿದ್ರು. ನಾನೇ ಬಾಯಿ ಮುಚ್ಚಿಸಿದೆ. ಮೂರನೇ ಗೇರು ಗೀರು ಎಲ್ಲ ಸುಳ್ಳು.”

ಗ್ಯಾರೇಜಿನ ಹೊರಗೆ ಯಾರೋ ಹಾರ್ನು ಬಾರಿಸಿಕೊಂಡು ಹೋದರು. ಟೈಲರಮ್ಮ ಸೆರಗನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

“ನಿಲ್ಲಿಸಲಾ ಅಂತ ಎರಡು ಸಲ ಕೇಳಿದೆ ಸಾರ್ ನಾನು.”

“ಕೇಳಿದ್ರಿ.”

“ಎರಡು ಸಲ.”

“ಹೌದು. ಎರಡು ಸಲ.”

“ನಾಲ್ಕು ದಿನ ಮೆಷಿನ್ ಮುಂದೆ ಕೂತ್ರೆ ಕಾಲು ಆಡ್ತಿರಲಿಲ್ಲ ನಂಗೆ. ಆ ಕವರು ಹೊಲಿಯೋದಕ್ಕೆ ಮಾತ್ರ ಆಡ್ತು.” ಅವರು ಇನ್ನೂ ಏನೋ ಹೇಳುವವರಿದ್ದರು. ಮೇಷ್ಟ್ರ ಮುಖ ನೋಡಿ, ಇಲ್ಲಿ ಹೇಳಿ ಉಪಯೋಗವಿಲ್ಲ ಅನ್ನಿಸಿತೋ ಏನೋ, ಯಜಮಾನರ ಕಡೆ ತಿರುಗಿ, “ಕೇಳಿಸ್ತಾ ರೀ?” ಎಂದಷ್ಟೇ ಅಂದರು.

“ಕಿವಿಗೇನಾಗಿದೆ ನಂಗೆ?” ಅಂದರು ಯಜಮಾನರು.

ಅಕ್ಕ ಕುರ್ಚಿಯ ಕೈ ಹಿಡಿದು ಎದ್ದಳು. ಬೈಯುವುದಕ್ಕೆ ಎದ್ದಳೆಂದು ಮೇಷ್ಟ್ರು ಕಾದರು. ಬೈದರೆ ಸುಖವಾಗುತ್ತದೆ ಅಂದುಕೊಂಡರು. ಅವಳು ಅವರ ಪಕ್ಕದಿಂದಲೇ ಕುಂಟುತ್ತ ಹೋಗಿ ಮೆಕ್ಯಾನಿಕ್‌ನ ಎದುರು ನಿಂತಳು.

“ಕ್ರ್ಯಾಂಕ್ ಉಳಿಯುತ್ತಾ?”

“ಲೇತಲ್ಲಿ ಸವರಿಸಿದ್ರೆ ಉಳಿಯುತ್ತೆ ಅಕ್ಕಾವ್ರೇ. ಹನ್ನೆರಡು ದಿನ.”

“ಬೇರೆ ಎಂಜಿನ್ ಬೇಡ. ಇದನ್ನೇ ಮಾಡು. ಪರೀಕ್ಷೆಯವರಿಗೆ ನಾನು ಫೋನ್ ಮಾಡಿ ಹೇಳ್ಕೋತೀನಿ, ಯಾಕೆ ತಡ ಅಂತಾನೂ ಹೇಳ್ತೀನಿ.” ಆಮೇಲೆ, ತಮ್ಮನ ಕಡೆ ನೋಡದೆ, “ಅಲ್ಲೀವರೆಗೂ ಇವನು ಇಲ್ಲೇ ಇರ್ತಾನೆ. ತೊಳೆಯೋದು, ಒರೆಸೋದು ಎಲ್ಲ ಮಾಡ್ತಾನೆ.”

“ನಂಗೆ ಜನ ಬೇಕೇ ಆಗಿತ್ತು,” ಅಂದ ಮೆಕ್ಯಾನಿಕ್. “ಅಂಗಿ ಮಾತ್ರ ಬೇರೆ ಹಾಕ್ಕೊಂಡು ಬರಲಿ.”

“ಇದೇ ಅಂಗಿ ಆಗುತ್ತೆ,” ಅಂದಳು ಅಕ್ಕ. ಟೈಲರಮ್ಮನ ಕಡೆ ತಿರುಗಿದಾಗ ಅವಳ ದನಿ ಬೇರೆಯಾಗಿತ್ತು. “ಬಾ ತಂಗಿ. ನಿನ್ನ ಕಾರ್ಖಾನೆ ತನಕ ನೀನೇ ಓಡಿಸು. ನಾನು ಪಕ್ಕದಲ್ಲಿ ಕೂರ್ತೀನಿ.”

“ಬೇಡ ಮೇಡಂ, ಕೈ ನಡುಗುತ್ತೆ…”

“ನಂಗೆ ಮೊಣಕಾಲು ನಡುಗುತ್ತೆ. ಇಬ್ಬರೂ ನಡುಗಿಕೊಂಡೇ ಹೋಗೋಣ. ಇಷ್ಟು ವರ್ಷದ ಮೇಲೆ ಎಂಜಿನ್ ಮಾತು ಕೇಳೋಳು ಒಬ್ಬಳು ಸಿಕ್ಕಿದ್ದೀಯ ನಂಗೆ.”

ಯಜಮಾನರು ಕೀಲಿಕೈಯನ್ನು ಹೆಂಡತಿಯ ಅಂಗೈಯಲ್ಲಿಟ್ಟರು. ವ್ಯಾನಿನ ಹಿಂಬದಿಗೆ ಹತ್ತಿ, ಬಟ್ಟೆಯ ಮೂಟೆಗಳ ನಡುವೆ ಕೂತು, ಎರಡೂ ಕೈಯಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡರು. ಅಕ್ಕ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಆ ಸೀಟಿನ ಮುಂದೆ ಬ್ರೇಕೂ ಇರಲಿಲ್ಲ, ಕ್ಲಚ್ಚೂ ಇರಲಿಲ್ಲ.

ಮೆಕ್ಯಾನಿಕ್ ಒಂದು ಟ್ರೇಯಲ್ಲಿ ಸೀಮೆಎಣ್ಣೆ ಸುರಿದು, ಮೇಷ್ಟ್ರ ಮುಂದಿಟ್ಟು, ಬ್ರಶ್ಶು ಕೊಟ್ಟ. ಮೇಷ್ಟ್ರು ತೋಳು ಮಡಚಿ ಕುಕ್ಕರುಗಾಲಿನಲ್ಲಿ ಕೂತರು. ಮೊದಲ ಬೋಲ್ಟು ತೊಳೆಯುವಾಗ ಹೊರಗೆ ವ್ಯಾನು ಜಗ್ಗಿ ನಿಂತುಹೋಯಿತು. ಎರಡನೆಯದು ತೊಳೆಯುವಾಗ ಮತ್ತೊಮ್ಮೆ. ಮೂರನೆಯ ಸಲ ಅದು ಮೆಲ್ಲಗೆ ಹೊರಟು, ಗೇಟು ದಾಟಿ, ದೊಡ್ಡ ರಸ್ತೆಗೆ ಸರಿಯಾಗಿ ತಿರುಗಿಕೊಂಡಿತು. ಒಳಗಿನಿಂದ ಬೈಗುಳವೇನೂ ಕೇಳಿಸಲಿಲ್ಲ.

ತಿರುಗಿದ ಮೇಲೆ ಇಂಡಿಕೇಟರ್ ಆರಿಸಿರಲಿಲ್ಲ. ಮೇಷ್ಟ್ರು ಹೇಳಲು ಬಾಯಿ ತೆರೆದರು. ವ್ಯಾನು ಆಗಲೇ ದೂರ ಹೋಗಿತ್ತು. ನೇರ ರಸ್ತೆಯ ಕೊನೆಯವರೆಗೂ ಆ ಹಳದಿ ದೀಪ ಹೊತ್ತಿ ಆರಿ, ಹೊತ್ತಿ ಆರಿ ಹೋಗುತ್ತಿತ್ತು. ಅವರು ಬ್ರಶ್ಶು ಹಿಡಿದೇ ಅದನ್ನು ನೋಡುತ್ತಿದ್ದರು.